ನಿಮ್ಮ ಮೂಲ ಊರು ಯಾವುದು?



ನಮ್ಮ ಉತ್ತರ ಕರ್ನಾಟಕದ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಯಾರಾದರೂ ಬಂದು ಕುಳಿತರೆ ಮೊದಲ ಪ್ರಶ್ನೆ "ಯಾವೂರ್ರಿ ನಿಮ್ದು?" ಎಂಬುದು. ಅದಕ್ಕೆ ಉತ್ತರ ಬಂದೊಡನೆ "ಮೂಲ ಊರು ಅದ ಏನ್ರಿ?" ಎಂಬುದು ಎರಡನೆಯದು. "ಹಂಗಾದ್ರ ಯಾರ ಪೈಕಿ?" ಎಂಬುದು ಮೂರನೆಯದು. ಮೂರನೆಯ ಪ್ರಶ್ನೆಗೆ ಉತ್ತರ ದೊರೆಯುವಷ್ಟರಲ್ಲಿ ಎಲ್ಲಿಂದಲೋ ಒಂದು ಬೀಗತನದ ಎಳೆ ಹೊರಬಿದ್ದು, ಬುತ್ತಿಯ ಗಂಟು ಬಿಚ್ಚಿರುತ್ತದೆ. ಇದು ನಮ್ಮ ಕಡೆಯ ಕುತೂಹಲವೂ ಹೌದು, ಸೌಜನ್ಯವೂ ಹೌದು. ಎದುರಿಗೆ ಬಂದವನನ್ನು ಯಾರ ಕಡೆಯವನೆಂದು ವಿಚಾರಿಸಬಾರದೆಂಬ ಬಸವಣ್ಣನವರ ವಚನ ತಮಗೆಲ್ಲ ಕಂಠಸ್ಥವಾಗಿರುವುದರಿಂದ ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ಕನ್ನಡ ಶಿಕ್ಷಕಿಯಾಗಿ ಮೂವತ್ತೆರಡು ವರ್ಷ ಅದನ್ನು ಮಕ್ಕಳಿಗೆ ಪಾಠ ಹೇಳಿದವಳು ನಾನು. ಆ ವಚನವೂ ಈ ಮೂರು ಪ್ರಶ್ನೆಗಳೂ ನನ್ನ ನಾಲಿಗೆಯ ಮೇಲೆ ಪರಸ್ಪರ ಜಗಳವಾಡದೆ ಅಷ್ಟು ವರ್ಷ ಒಟ್ಟಿಗೆ ಬಾಳಿಕೊಂಡು ಬಂದಿದ್ದವು.

2023ರ ಶರತ್ಕಾಲದಲ್ಲಿ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ಅಮೇರಿಕೆಗೆ ಹೋಗಿದ್ದೆ. ಅವನು ಇರುವುದು ದಕ್ಷಿಣ ಕ್ಯಾರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಎಂಬ ಬಂದರು ನಗರದಲ್ಲಿ. ನಗರದಿಂದ ಸೇತುವೆ ದಾಟಿದರೆ ಮೌಂಟ್ ಪ್ಲೆಸೆಂಟ್ ಎಂಬ ಊರು. ಅಲ್ಲಿಯ ಹೆದ್ದಾರಿಯ ಬದಿಯಲ್ಲಿ ಹಲಗೆಯ ಚಿಕ್ಕ ಚಿಕ್ಕ ಅಂಗಡಿಗಳನ್ನು ಹಾಕಿಕೊಂಡು ಕಪ್ಪು ಜನಾಂಗದ ಹೆಣ್ಣುಮಕ್ಕಳು ಹುಲ್ಲಿನ ಬುಟ್ಟಿಗಳನ್ನು ಹೆಣೆಯುತ್ತ ಕುಳಿತಿರುತ್ತಾರೆ. ಸಮುದ್ರತೀರದ ಮರಳುದಿಬ್ಬಗಳಲ್ಲಿ ಬೆಳೆಯುವ ಒಂದು ಬಗೆಯ ಸುವಾಸನೆಯ ಹುಲ್ಲನ್ನು ಸಿಂಬಿಯಂತೆ ಸುತ್ತಿ, ತಾಳೆಯ ಜಾತಿಯ ಗರಿಯ ಎಳೆಯಿಂದ ಬಿಗಿಯುತ್ತ ಹೋಗುವ ಕೆಲಸ ಅದು. ಕೈಯಲ್ಲಿ ಸೂಜಿ ಇಲ್ಲ. ಚಹದ ಚಮಚೆಯ ಹಿಡಿಯನ್ನು ಅರದಿಂದ ಉಜ್ಜಿ ಚೂಪು ಮಾಡಿಕೊಂಡಿರುತ್ತಾರೆ, ಅದೇ ಅವರ ದಬ್ಬಣ.

ಅಂತಹ ಒಂದು ಅಂಗಡಿಯ ಮುಂದೆ ಮಗ ಕಾರು ನಿಲ್ಲಿಸಿದ. ಎಪ್ಪತ್ತು ದಾಟಿದ ಹಿರಿಯ ತಾಯಿಯೊಬ್ಬರು ಕುಳಿತಿದ್ದರು. ತೂಗುಹಾಕಿದ್ದ ಬುಟ್ಟಿಗಳ ನಡುವೆ ಅಗಲವಾದ, ಆಳವಿಲ್ಲದ ಒಂದು ತಟ್ಟೆ ಕಣ್ಣಿಗೆ ಬಿತ್ತು. "ಅಯ್ಯ, ಇದು ನಮ್ಮ ಮೊರ!" ಎಂದು ಕನ್ನಡದಲ್ಲಿಯೇ ಉದ್ಗರಿಸಿ, ಎರಡೂ ಕೈಗಳಿಂದ ಕೇರುವ ಅಭಿನಯ ಮಾಡಿ ತೋರಿಸಿದೆ. ಆ ತಾಯಿ ಬಾಯಿತುಂಬ ನಕ್ಕರು. ತಮ್ಮ ಮಡಿಲಲ್ಲಿದ್ದ ಬುಟ್ಟಿಯನ್ನು ಬದಿಗಿಟ್ಟು, ಆ ತಟ್ಟೆಯನ್ನು ಕೆಳಗಿಳಿಸಿ, ತಾವೂ ಕೇರಿ ತೋರಿಸಿದರು. ಅದರ ಹೆಸರು 'ಫ್ಯಾನರ್' ಎಂದೂ, ತಮ್ಮ ಮುತ್ತಜ್ಜಿಯರು ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅಕ್ಕಿಯ ಹೊಟ್ಟನ್ನು ಹಾರಿಸಲು ಇದನ್ನೇ ಬಳಸುತ್ತಿದ್ದರೆಂದೂ ವಿವರಿಸಿದರು. ಭಾಷೆಯ ಹಂಗಿಲ್ಲದೆ ಇಬ್ಬರು ಮುದುಕಿಯರು ಹೆದ್ದಾರಿಯ ಬದಿಯಲ್ಲಿ ಇಲ್ಲದ ಅಕ್ಕಿಯನ್ನು ಕೇರುತ್ತಿದ್ದೆವು. ಇಷ್ಟು ಆತ್ಮೀಯತೆ ಬೆಳೆದ ಮೇಲೆ ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

"ತಾವು ಯಾವ ಊರಿನವರು?" ಎಂದು ಕೇಳಿದೆ.

"ಇದೇ ಊರು, ಮ್ಯಾಮ್."

"ತಮ್ಮ ತಂದೆತಾಯಿ?"

"ಅವರೂ ಇಲ್ಲಿಯವರೇ. ಅಲ್ಲಿ ಆ ಮರಗಳು ಕಾಣುತ್ತವಲ್ಲ, ಅದರ ಆಚೆ ನಮ್ಮ ಮನೆ."

"ಅದಕ್ಕೂ ಮೊದಲು? ಮೂಲತಃ ಎಲ್ಲಿಯವರು?"

ಮಗ ನನ್ನ ಮೊಣಕೈಯನ್ನು ಒತ್ತಿದ. ಆ ತಾಯಿಯ ಕೈ ನಿಂತಿತು. ಸಿಟ್ಟು ಮಾಡಿಕೊಳ್ಳಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿ, "ನೀವು ಏನನ್ನು ಕೇಳುತ್ತಿದ್ದೀರೆಂದು ನನಗೆ ತಿಳಿಯಿತು, ಮ್ಯಾಮ್. ಅದನ್ನು ಯಾರೂ ಬರೆದಿಡಲಿಲ್ಲ" ಎಂದು ಹೇಳಿ, ಚಮಚೆಯ ಹಿಡಿಯನ್ನು ಎತ್ತಿಕೊಂಡು ಮತ್ತೆ ಹೆಣೆಯತೊಡಗಿದರು. ಮೊರದ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿ ಬೆಚ್ಚಿದ ನಾನು ಅಂಗೈಯಗಲದ ಒಂದು ಪುಟ್ಟ ಬುಟ್ಟಿಯನ್ನು ಕೊಂಡು ಕಾರು ಹತ್ತಿದೆ.

ದಾರಿಯಲ್ಲಿ ಮಗ, "ಅವ್ವಾ, ಆ ಪ್ರಶ್ನೆಯನ್ನು ಇಲ್ಲಿ ಅವರಿಗೆ ಕೇಳಬಾರದು" ಎಂದ. "ಯಾಕಪ್ಪ? ನಿನ್ನನ್ನೂ ಎಲ್ಲರೂ ಕೇಳುತ್ತಾರಲ್ಲ, ಎಲ್ಲಿಯವನೆಂದು?" ಎಂದು ನಾನು ವಾದ ಹೂಡಿದೆ. "ಕೇಳುತ್ತಾರೆ. ನನಗೆ ಉತ್ತರ ಗೊತ್ತದಲ್ಲವ್ವ" ಎಂದು ಹೇಳಿ ಸುಮ್ಮನಾದ.

ಮುಂದಿನ ವಾರ ಅವನು ನನ್ನನ್ನು ಬಂದರಿನ ದಡದಲ್ಲಿರುವ ಅಂತರರಾಷ್ಟ್ರೀಯ ಆಫ್ರಿಕನ್ ಅಮೇರಿಕನ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಅದೇ ವರ್ಷದ ಜೂನ್ ತಿಂಗಳಲ್ಲಿ ತೆರೆದ ಹೊಸ ಕಟ್ಟಡ. ಅದು ನೆಲವನ್ನು ಮುಟ್ಟುವುದಿಲ್ಲ. ಕಂಬಗಳ ಮೇಲೆ ಎತ್ತರದಲ್ಲಿ ನಿಂತಿದೆ. ಕಾರಣವೇನೆಂದರೆ ಅದರ ಕೆಳಗಿರುವ ನೆಲ ಗ್ಯಾಡ್ಸ್‌ಡನ್ ಧಕ್ಕೆಯದು. ಆಫ್ರಿಕೆಯಿಂದ ಹಡಗುಗಳಲ್ಲಿ ತಂದ ಗುಲಾಮರನ್ನು ಇಳಿಸಿ ಮಾರುತ್ತಿದ್ದ ಸ್ಥಳ. ಅಟ್ಲಾಂಟಿಕ್ ಸಾಗರವನ್ನು ದಾಟಿಸಲು ಆಫ್ರಿಕೆಯಲ್ಲಿ ಹಡಗು ಹತ್ತಿಸಿದವರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ಸಮುದ್ರದ ಪಾಲಾದರು. ಬಹುಪಾಲು ಜನ ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳಿಗೆ ಹೋದರು. ಉತ್ತರ ಅಮೇರಿಕೆಯ ನೆಲಕ್ಕೆ ನೇರವಾಗಿ ಬಂದವರು ನಾಲ್ಕು ಲಕ್ಷಕ್ಕೆ ತುಸು ಕಡಿಮೆ, ಅವರಲ್ಲಿ ಹೆಚ್ಚು ಜನ ಕಾಲಿಟ್ಟದ್ದು ಇದೇ ಚಾರ್ಲ್‌ಸ್ಟನ್ನಿನ ಸುತ್ತಮುತ್ತ. ಕಟ್ಟಡದ ಕೆಳಗೆ ನೆಲದ ಮೇಲೆ ಒಬ್ಬರ ಪಕ್ಕಕ್ಕೊಬ್ಬರಂತೆ ಒತ್ತೊತ್ತಾಗಿ ಮಲಗಿಸಿದ ಮನುಷ್ಯಾಕೃತಿಗಳ ಗೆರೆಗಳನ್ನು ಕೊರೆದಿದ್ದಾರೆ. ಅವುಗಳ ಮೇಲೆ ತೆಳುವಾಗಿ ನೀರು ಬಂದು ನಿಲ್ಲುತ್ತದೆ, ಮತ್ತೆ ಇಳಿದು ಹೋಗುತ್ತದೆ. ನಾನು ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಯಾರೂ ಹೇಳಿರಲಿಲ್ಲ.

ಮೇಲಂತಸ್ತಿನಲ್ಲಿ ವಂಶಾವಳಿಯನ್ನು ಹುಡುಕಿಕೊಳ್ಳಲು ನೆರವಾಗುವ ಒಂದು ವಿಭಾಗವಿದೆ. ಬುಟ್ಟಿಯ ತಾಯಿ ಹೇಳಿದ ಮಾತಿನ ಅರ್ಥ ನನಗೆ ಅಲ್ಲಿ ತಿಳಿಯಿತು. ಅಮೇರಿಕೆಯಲ್ಲಿ 1850ರಲ್ಲಿಯೂ 1860ರಲ್ಲಿಯೂ ಜನಗಣತಿಯ ಜೊತೆಗೆ ಗುಲಾಮರ ಪಟ್ಟಿಯನ್ನೂ ತಯಾರಿಸಿದರು. ಆ ಪಟ್ಟಿಯಲ್ಲಿ ಯಜಮಾನನ ಹೆಸರಿದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ ಎಂಬುದು, ಮೈಬಣ್ಣ. ಗುಲಾಮನ ಹೆಸರಿಗೆ ಅಂಕಣವೇ ಇಲ್ಲ. 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆ ಜನರೆಲ್ಲರೂ ತಮ್ಮ ತಮ್ಮ ಹೆಸರಿನಿಂದ ಜನಗಣತಿಯಲ್ಲಿ ದಾಖಲಾದದ್ದು ಮೊಟ್ಟಮೊದಲು 1870ರಲ್ಲಿ. ಆದ್ದರಿಂದ ಇಂದು ತಮ್ಮ ಹಿರಿಯರನ್ನು ಹುಡುಕುತ್ತ ಹಿಂದಕ್ಕೆ ಹೋಗುವವರು 1870ಕ್ಕೆ ಬಂದು ನಿಲ್ಲುತ್ತಾರೆ. ಅದನ್ನು ಅವರು ಗೋಡೆ ಎಂದೇ ಕರೆಯುತ್ತಾರೆ. ಗೋಡೆಯ ಆಚೆಗೆ ಹೋಗಬೇಕಾದರೆ ಯಜಮಾನನ ಮರಣಪತ್ರ, ಮಾರಾಟದ ಚೀಟಿ, ಆಸ್ತಿಯ ಯಾದಿ ಇವುಗಳಲ್ಲಿ ಎತ್ತು, ನೇಗಿಲು, ಮಂಚಗಳ ನಡುವೆ ತಮ್ಮ ಮುತ್ತಜ್ಜನನ್ನು ಹುಡುಕಬೇಕು.

ಅಪರೂಪಕ್ಕೊಮ್ಮೆ ಅದೂ ಸಿಗುತ್ತದೆ. 1756ರಲ್ಲಿ 'ಹೇರ್' ಎಂಬ ಹಡಗು ಸಿಯೆರಾ ಲಿಯೋನ್ ದೇಶದಿಂದ ಚಾರ್ಲ್‌ಸ್ಟನ್ನಿಗೆ ಬಂದಿತು. ಅದರಲ್ಲಿ ತಂದ ಒಂದು ಹೆಣ್ಣುಮಗುವನ್ನು ಎಲಿಯಾಸ್ ಬಾಲ್ ಎಂಬ ಭತ್ತದ ತೋಟಗಳ ಒಡೆಯ ಕೊಂಡು, ಪ್ರಿಸಿಲ್ಲಾ ಎಂದು ಹೆಸರಿಟ್ಟು, ವಯಸ್ಸು ಹತ್ತೆಂದು ಅಂದಾಜು ಮಾಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಆ ಕುಟುಂಬದವರು ಲೆಕ್ಕಪತ್ರಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ಪ್ರಿಸಿಲ್ಲಾಳ ಸಂತತಿಯನ್ನು ಇಂದಿನವರೆಗೆ ಎಳೆ ತಪ್ಪದೆ ಗುರುತಿಸಲು ಸಾಧ್ಯವಾಯಿತು. ಅವಳ ವಂಶದ ತೊಮಲಿಂಡ್ ಮಾರ್ಟಿನ್ ಪೊಲೈಟ್ ಎಂಬ ಮಹಿಳೆ 2005ರಲ್ಲಿ ಸಿಯೆರಾ ಲಿಯೋನಿಗೆ ಹೋಗಿ ಬಂದರು. ಅಷ್ಟಾಗಿಯೂ ಆ ಹತ್ತು ವರ್ಷದ ಮಗುವನ್ನು ಅದರ ತಾಯಿ ಏನೆಂದು ಕರೆಯುತ್ತಿದ್ದಳೆಂಬುದು ಆ ಪುಸ್ತಕದಲ್ಲಿ ಇಲ್ಲ.

ಇಲ್ಲಿ ನನ್ನದೊಂದು ಸಣ್ಣ ಸಂಗತಿಯನ್ನು ಹೇಳಬೇಕೆನಿಸುತ್ತದೆ. ಕೃಷ್ಣೆಯ ದಂಡೆಯಲ್ಲಿದ್ದ ನನ್ನ ತವರೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ನಮ್ಮ ಮನೆಯ ಅಂಗಳ, ಬಾವಿ, ಹುಣಸೆಯ ಮರ ಎಲ್ಲವೂ ನೀರಿನ ಅಡಿಯಲ್ಲಿವೆ. ಆ ದುಃಖವನ್ನು ಬಲ್ಲವಳಾದ್ದರಿಂದ ಮೊದಮೊದಲು ಆ ವಸ್ತುಸಂಗ್ರಹಾಲಯದಲ್ಲಿ ನಿಂತು "ನಾವೂ ಊರು ಕಳೆದುಕೊಂಡವರೇ" ಎಂದು ಮನಸ್ಸಿನಲ್ಲಿ ಸಮೀಕರಿಸಲು ಹೊರಟಿದ್ದೆ. ಆದರೆ ಲೆಕ್ಕ ಸರಿಹೋಗಲಿಲ್ಲ. ನಮ್ಮ ಊರು ಮುಳುಗಿದರೂ ಅದರ ಹೆಸರು ಪುನರ್ವಸತಿ ಕೇಂದ್ರದ ಫಲಕಕ್ಕೆ ಬಂತು. ಊರ ದೇವರು ಬಂದ, ಓಣಿಯ ಜನ ಬಂದರು, ಬೈಗುಳಗಳೂ ಗಾದೆಗಳೂ ಬಂದವು, ಹೊಲದ ಜಗಳಗಳು ಸಹ ತಪ್ಪದೆ ಬಂದವು. ನನ್ನ ಅಡ್ಡಹೆಸರು ನನ್ನ ಹಿರಿಯರದೇ. ಚಾರ್ಲ್‌ಸ್ಟನ್ನಿನ ಆ ತಾಯಿಯ ಅಡ್ಡಹೆಸರು ಯಾವನೋ ಯಜಮಾನನದಾಗಿರಬಹುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೊರಟ ನನ್ನ ಅವಸರಕ್ಕೆ ನಾಚಿಕೆಯಾಯಿತು.

ಬರೆದಿಟ್ಟವರು ಯಾರೂ ಇಲ್ಲದಿರುವಾಗ ಬಾಯಿಯಲ್ಲಿ ಉಳಿದದ್ದೇ ದಾಖಲೆ. ಆ ಕರಾವಳಿಯಲ್ಲಿಯೂ ಅದರಾಚೆಯ ದ್ವೀಪಗಳಲ್ಲಿಯೂ ಇರುವ ಕಪ್ಪು ಜನರನ್ನು ಗಲ್ಲಾ ಎಂದೂ ಗೀಚಿ ಎಂದೂ ಕರೆಯುತ್ತಾರೆ. ಅವರ ಆಡುನುಡಿಯನ್ನು ಬಹುಕಾಲ ವಿದ್ಯಾವಂತರು ಕೆಟ್ಟುಹೋದ ಇಂಗ್ಲಿಷ್ ಎಂದು ಹಳಿದರು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಜನಾಂಗದ ಭಾಷಾವಿದ್ವಾಂಸರು ಮಾತ್ರ ಹಾಗೆ ಭಾವಿಸಲಿಲ್ಲ. ಭಾರವಾದ ಧ್ವನಿಮುದ್ರಣ ಯಂತ್ರವನ್ನು ಹೊತ್ತುಕೊಂಡು 1930ರ ದಶಕದ ಆರಂಭದಲ್ಲಿ ಹಳ್ಳಿಹಳ್ಳಿ ತಿರುಗಿದರು, ಆಮೇಲೆ ಲಂಡನ್ನಿಗೆ ಹೋಗಿ ಆಫ್ರಿಕೆಯ ಭಾಷೆಗಳನ್ನು ಕಲಿತರು, 1949ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಸಾವಿರಾರು ಪದಗಳೂ ಹೆಸರುಗಳೂ ಆಫ್ರಿಕೆಯ ಮೂಲದವೆಂದು ಅದರಲ್ಲಿ ತೋರಿಸಿದರು. ಮನೆಮನೆಗೆ ಹೋಗಿ ತಾಡೋಲೆ ಕಟ್ಟುಗಳನ್ನು ಬೇಡಿ ತಂದ ಫ. ಗು. ಹಳಕಟ್ಟಿಯವರು ನನಗೆ ನೆನಪಾದರು. ಹಳಕಟ್ಟಿಯವರಿಗೆ ಓಲೆಗಳಾದರೂ ದೊರೆತಿದ್ದವು.

ಟರ್ನರ್ ಅವರು ಧ್ವನಿಮುದ್ರಿಸಿಕೊಂಡವರಲ್ಲಿ ಜಾರ್ಜಿಯಾ ರಾಜ್ಯದ ಹ್ಯಾರಿಸ್ ನೆಕ್ ಎಂಬ ಹಳ್ಳಿಯ ಅಮೇಲಿಯಾ ಡಾಲಿ ಎಂಬ ಹೆಣ್ಣುಮಗಳು ಒಬ್ಬಳು. ಆಕೆ ಕೆಲವೇ ಸಾಲುಗಳ ಒಂದು ಹಾಡನ್ನು ಹಾಡಿದಳು. ಅರ್ಥ ಅವಳಿಗೂ ತಿಳಿದಿರಲಿಲ್ಲ. ಅಜ್ಜಿಯರಿಂದ ಬಂದದ್ದು, ಮಕ್ಕಳನ್ನು ಆಡಿಸುವಾಗ ಹಾಡುವುದು, ಅಷ್ಟೇ. ಅಮೇರಿಕೆಯಲ್ಲಿ ಓದುತ್ತಿದ್ದ ಸಿಯೆರಾ ಲಿಯೋನಿನ ವಿದ್ಯಾರ್ಥಿಯೊಬ್ಬ ಅದನ್ನು ಕೇಳಿ, ಇದು ನಮ್ಮ ಮೆಂಡೆ ಭಾಷೆ ಎಂದು ಗುರುತಿಸಿದ. ಹಲವು ದಶಕಗಳು ಕಳೆದ ಮೇಲೆ, 1990ರ ಸುಮಾರಿಗೆ, ಜೋಸೆಫ್ ಒಪಾಲಾ ಎಂಬ ಮಾನವಶಾಸ್ತ್ರಜ್ಞರೂ ಸಿಂಥಿಯಾ ಶ್ಮಿಟ್ ಎಂಬ ಸಂಗೀತ ಸಂಶೋಧಕಿಯೂ ಆ ಧ್ವನಿಮುದ್ರಣವನ್ನು ಹಿಡಿದುಕೊಂಡು ಸಿಯೆರಾ ಲಿಯೋನಿನ ಹಳ್ಳಿಗಳಲ್ಲಿ ವಿಚಾರಿಸುತ್ತ ಹೋದರು. ಸೆನೆಹುನ್ ಎನ್‌ಗೋಲಾ ಎಂಬ ದೂರದ ಹಳ್ಳಿಯಲ್ಲಿ ಬೈಂಡು ಜಬಾಟಿ ಎಂಬ ಮಹಿಳೆ ಆ ಹಾಡನ್ನು ಕೇಳಿ, ಅದಕ್ಕೆ ದನಿಗೂಡಿಸಿದಳು. ಅವಳ ಬಳಿಯಿದ್ದ ಹಾಡಿನಲ್ಲಿ ಮಾತುಗಳು ತುಸು ಬೇರೆಯಾಗಿದ್ದವು, ಆದರೆ ಹಾಡು ಅದೇ. ಸತ್ತವರನ್ನು ಬೀಳ್ಕೊಡಲು ಹೆಂಗಸರು ಗೋರಿಯ ಬಳಿ ಹಾಡುತ್ತಿದ್ದ ಹಾಡು ಅದು. ಆ ಆಚರಣೆ ಊರಿನಲ್ಲಿ ನಿಂತುಹೋಗಿದ್ದರೂ ಅವಳ ಅಜ್ಜಿ ಮಾತ್ರ ಹಾಡನ್ನು ಬಿಡಬೇಡವೆಂದು ಹೇಳಿದ್ದಳಂತೆ. ಅಗಲಿಹೋದ ಬಂಧುಗಳನ್ನು ಈ ಹಾಡಿನಿಂದಲೇ ಗುರುತಿಸಬಹುದೆಂದಿದ್ದಳಂತೆ.

ಅಮೇಲಿಯಾಳ ಮಗಳು ಮೇರಿ ಮೋರನ್ ಎಂಬ ವೃದ್ಧೆಗೆ ತಾಯಿಯ ಹಾಡು ಇನ್ನೂ ನೆನಪಿತ್ತು. ಆಕೆಯನ್ನು ಕರೆದುಕೊಂಡು ಹೋಗಬೇಕೆನ್ನುವಷ್ಟರಲ್ಲಿ 1991ರಲ್ಲಿ ಸಿಯೆರಾ ಲಿಯೋನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಕೊನೆಗೆ 1997ರಲ್ಲಿ, ಯುದ್ಧದ ಬಿಡುವಿನಲ್ಲಿ, ಮೇರಿಯೂ ಆಕೆಯ ಕುಟುಂಬದವರೂ ಆ ಹಳ್ಳಿಗೆ ಹೋದರು. ಇದೆಲ್ಲವನ್ನೂ ಚಿತ್ರೀಕರಿಸಿದ ಸಾಕ್ಷ್ಯಚಿತ್ರ 1998ರಲ್ಲಿ ಬಂದಿತು. ಮಗ ಅದನ್ನು ಹುಡುಕಿ ನನಗೆ ತೋರಿಸಿದ. ಇಬ್ಬರು ಹೆಣ್ಣುಮಕ್ಕಳು ಎದುರುಬದುರು ನಿಂತಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುವುದು ವ್ಯರ್ಥವೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಎರಡು ಶತಮಾನ ಅರ್ಥ ತಿಳಿಯದೆಯೇ ಬಾಯಿಪಾಠ ಮಾಡಿದ ಆ ಅಜ್ಜಿಯರಿಗೆ ಯಾವ ತರಬೇತಿಯೂ ಇರಲಿಲ್ಲವಾದ್ದರಿಂದ ಹಾಡು ಉಳಿಯಿತು.

ಆದರೆ ಅದೇ ಮೇರಿ ಮೋರನ್ನಳ ಹ್ಯಾರಿಸ್ ನೆಕ್ ಏನಾಯಿತೆಂಬುದನ್ನು ಹೇಳದಿದ್ದರೆ ಈ ಕಥೆ ಅರ್ಧವಾದೀತು. 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೇನೆಯ ವಿಮಾನ ನಿಲ್ದಾಣಕ್ಕೆಂದು ಸರ್ಕಾರ ಆ ಹಳ್ಳಿಯ ಸುಮಾರು 2,700 ಎಕರೆ ನೆಲವನ್ನು ವಶಪಡಿಸಿಕೊಂಡು, ಕೆಲವೇ ವಾರಗಳ ಅವಧಿಯಲ್ಲಿ ಜನರನ್ನು ಎಬ್ಬಿಸಿತು. ಯುದ್ಧ ಮುಗಿದ ಮೇಲೆ ನೆಲ ಅವರಿಗೆ ಮರಳಲಿಲ್ಲ. 1962ರಿಂದ ಅದು ವನ್ಯಜೀವಿಗಳ ಆಶ್ರಯಧಾಮ. ಗುಲಾಮಗಿರಿ ಕಳೆದ ಮೇಲೆ ಬೆವರು ಸುರಿಸಿ ತಮ್ಮದಾಗಿಸಿಕೊಂಡ ನೆಲ ಅದು. ಅದನ್ನು ಮರಳಿ ಪಡೆಯಲು ಆ ಕುಟುಂಬಗಳು ನ್ಯಾಯಾಲಯಕ್ಕೂ ಸಂಸತ್ತಿಗೂ ದಶಕಗಳ ಕಾಲ ಅಲೆದಿವೆ. ನಿಮ್ಮ ಮೂಲ ಊರು ಯಾವುದೆಂದು ಅವರನ್ನು ಕೇಳಿದರೆ, ಸಾಗರದಾಚೆಯ ಸೆನೆಹುನ್ ಎನ್‌ಗೋಲಾವನ್ನು ಹೇಳಬೇಕೋ, ಹತ್ತು ಮೈಲಿ ಆಚೆಯಿದ್ದರೂ ಕಾಲಿಟ್ಟು ಬಾಳಲಾಗದ ಹ್ಯಾರಿಸ್ ನೆಕ್ಕನ್ನು ಹೇಳಬೇಕೋ?

ಡಿಸೆಂಬರಿನಲ್ಲಿ ಹೊರಡುವ ಮೊದಲು ಬುಟ್ಟಿಯ ತಾಯಿಯನ್ನು ಮತ್ತೊಮ್ಮೆ ಕಂಡೆ. ಈ ಸಲ ಪ್ರಶ್ನೆ ಕೇಳಬಾರದೆಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಮನೆಯಲ್ಲಿ ಮಾಡಿದ ಕರದಂಟನ್ನು ಕೊಟ್ಟು, ಮೊದಲು ಅಂದು ಕೇಳಿದ್ದು ತಪ್ಪಾಯಿತೆಂದು ಹೇಳಿದೆ. ಅವರು ಕೈಬೀಸಿ ಆ ಮಾತನ್ನು ತಳ್ಳಿಹಾಕಿದರು. ಹಾಡಿನ ಚಿತ್ರವನ್ನು ನೋಡಿದೆನೆಂದು ಹೇಳಿದಾಗ ಮಾತ್ರ ತಾವಾಗಿಯೇ ಮಾತಿಗೆ ತೊಡಗಿದರು. ತಮ್ಮ ಅಜ್ಜಿಯ ನುಡಿಯನ್ನು ಶಾಲೆಯಲ್ಲಿ ಆಡಿದ್ದಕ್ಕೆ ಶಿಕ್ಷಕಿಯ ಕೈಯಲ್ಲಿ ಏಟು ತಿಂದದ್ದು, ತಮ್ಮ ಮಕ್ಕಳಿಗೆ ಅದನ್ನು ಕಲಿಸದೆ ಬಿಟ್ಟದ್ದು, ಈಗ ಮೊಮ್ಮಕ್ಕಳು ಬಂದು ಆ ಮಾತುಗಳನ್ನು ಹೇಳಿಕೊಡೆಂದು ಪೀಡಿಸುವುದು. ಕಾಗದದ ಮೇಲಿನ ಹೆಸರಲ್ಲದೆ ಮನೆಯಲ್ಲಿ ಕರೆಯುವ ಇನ್ನೊಂದು ಹೆಸರು ಅಲ್ಲಿ ಎಲ್ಲರಿಗೂ ಇರುತ್ತದಂತೆ; ಅದಕ್ಕೆ ಬುಟ್ಟಿಯ ಹೆಸರು ಎನ್ನುತ್ತಾರೆ. ತಮ್ಮದು ಏನೆಂದು ಅವರು ಹೇಳಲಿಲ್ಲ. "ಅದು ಮನೆಯವರಿಗೆ ಮಾತ್ರ" ಎಂದು ನಕ್ಕರು. ನನಗೆ ಆ ಉತ್ತರ ಬಹಳ ಇಷ್ಟವಾಯಿತು. ಅದೊಂದನ್ನಾದರೂ ಅವರು ಯಾರ ಪುಸ್ತಕಕ್ಕೂ ಕೊಡದೆ ಇಟ್ಟುಕೊಂಡಿದ್ದಾರೆ.

ಅವರ ತಂಗಿಯ ಮಗಳು 2019ರಲ್ಲಿ ಘಾನಾ ದೇಶಕ್ಕೆ ಹೋಗಿದ್ದಳಂತೆ. ಅಮೇರಿಕೆಯ ನೆಲಕ್ಕೆ ಆಫ್ರಿಕನ್ನರು ಬಂದ 1619ರಿಂದ ನಾನೂರು ವರ್ಷವಾದ ನೆನಪಿಗೆ ಘಾನಾ ಸರ್ಕಾರ ಆ ವರ್ಷವನ್ನು ಮರಳುವಿಕೆಯ ವರ್ಷವೆಂದು ಸಾರಿ, ಚದುರಿಹೋದ ಮಕ್ಕಳನ್ನು ಮನೆಗೆ ಕರೆದಿತ್ತು. ಹೊಸ ಮಾತೇನಲ್ಲ ಅದು. ಮಹಾಪಂಡಿತರಾದ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರು ತೊಂಬತ್ತು ದಾಟಿದ ವಯಸ್ಸಿನಲ್ಲಿ, 1961ರಲ್ಲಿ, ಘಾನಾಕ್ಕೆ ಹೋಗಿ ನೆಲೆಸಿ 1963ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಹುಡುಗಿ ಕೇಪ್ ಕೋಸ್ಟ್ ಕೋಟೆಯಲ್ಲಿ ಗುಲಾಮರನ್ನು ಹಡಗಿಗೆ ದಾಟಿಸುತ್ತಿದ್ದ ಬಾಗಿಲಿನಲ್ಲಿ ನಿಂತು ಬಹಳ ಅತ್ತಳಂತೆ. ಹೊರಗೆ ಬಂದರೆ ರಸ್ತೆಯ ಮಕ್ಕಳು ಅವಳನ್ನು 'ಒಬ್ರೋನಿ' ಎಂದು ಕೂಗಿದವು. ಬಿಳಿಯರಿಗೂ ಪರದೇಶದವರಿಗೂ ಅಲ್ಲಿ ಬಳಸುವ ಮಾತು ಅದು. ಅಮೇರಿಕೆಯಲ್ಲಿ ಆಫ್ರಿಕೆಯವಳು, ಆಫ್ರಿಕೆಯಲ್ಲಿ ಅಮೇರಿಕೆಯವಳು! ಆದರೂ ಅವಳು ಮತ್ತೆ ಹೋಗುವವಳಿದ್ದಾಳಂತೆ. "ಅವಳು ಹೋಗಲಿ. ನಾನು ಹೋಗುವುದಿಲ್ಲ. ನನ್ನವರನ್ನು ಹೂತಿರುವುದು ಇಲ್ಲಿ" ಎಂದರು ಹಿರಿಯ ತಾಯಿ. ಇಬ್ಬರಲ್ಲಿ ಯಾರು ಸರಿ ಎಂದು ಹೇಳಲು ನಾನು ಯಾರು? ಮೂಲವನ್ನು ಹುಡುಕುವುದೂ ಹುಡುಕದಿರುವುದೂ ಅವರವರ ಹಕ್ಕು. ಸಮುದ್ರ ದಾಟಿ ಬಂದ ಅಪರಿಚಿತಳೊಬ್ಬಳು ರಸ್ತೆಯ ಬದಿಯಲ್ಲಿ ನಿಂತು ಅದನ್ನು ಅವರಿಂದ ಕೀಳಬಾರದಿತ್ತು.

ವಿಮಾನದಲ್ಲಿ ನಿದ್ದೆ ಬರಲಿಲ್ಲ. ಹಳೆಯದೊಂದು ಸಂಗತಿ ಎದೆಯಲ್ಲಿ ಎದ್ದು ಕುಳಿತಿತ್ತು. ಅದನ್ನು ಬರೆಯಲೆಂದೇ ಈ ಲೇಖನವನ್ನು ಆರಂಭಿಸಿದೆ, ಆದರೆ ಇಷ್ಟು ದೂರ ಸುತ್ತಿ ಬಂದೆ.

1980ರ ದಶಕದ ಆರಂಭದಲ್ಲಿ ನಾನು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ಒಂದು ಶಾಲೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆ. ಆ ಕಾಡಿನ ಸೀಮೆಯಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಗಳಲ್ಲಿ, ಸಿದ್ದಿ ಜನರಿದ್ದಾರೆಂಬುದು ತಮಗೆ ತಿಳಿದಿದೆ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಅವರ ಸಂತತಿಯವರೇ ಇವರಲ್ಲಿ ಬಹುಮಂದಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಮರಾಠಿ, ಕನ್ನಡಗಳನ್ನು ಆಡುತ್ತಾರೆ. ಹಳೆಯ ಬಟ್ಟೆಗಳಿಂದ ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ನೋಡಿಯೇ ತಿಳಿಯಬೇಕು. ಅವರ ಪೂರ್ವಿಕರು ಆಫ್ರಿಕೆಯ ಯಾವ ಹಳ್ಳಿಯಿಂದ ಬಂದವರೆಂಬುದನ್ನೂ ಯಾರೂ ಬರೆದಿಡಲಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿಯವರು, ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಬಹಳ ಹಿಂದಿನ ಮಾತು.

ನನ್ನ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗನಿದ್ದ. ಮೊದಲ ದಿನವೇ ಪರಿಚಯ ಮಾಡಿಕೊಳ್ಳುವ ಉತ್ಸಾಹದಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, "ನಿನ್ನ ಊರು ಯಾವುದು?" ಎಂದು ಕೇಳಿದೆ. "ಇದೇ ಊರು ಅಕ್ಕೋರೆ, ಗುಡ್ಡದ ಆಚೆ" ಎಂದ. "ಅದಲ್ಲೋ, ನಿಮ್ಮ ಮೂಲ ದೇಶ ಯಾವುದು?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನೆಂದು ಬರೆಯಲು ಕೈ ನಡುಗುತ್ತದೆ, ಆದರೆ ನಕ್ಕದ್ದು ನಿಜ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಮರುದಿನದಿಂದ ಅವನು ತನ್ನ ಗುಂಗುರು ಕೂದಲನ್ನು ನೀರು ಹಚ್ಚಿ ಒತ್ತಿ ಒತ್ತಿ ಚಪ್ಪಟೆ ಮಾಡಿಕೊಂಡು ಬರತೊಡಗಿದ. ಮಧ್ಯಾಹ್ನದ ಹೊತ್ತಿಗೆ ನೀರು ಆರಿ ಕೂದಲು ಮತ್ತೆ ಎದ್ದು ನಿಲ್ಲುತ್ತಿತ್ತು. ಇದನ್ನು ವರ್ಷವಿಡೀ ನೋಡಿದೆ. ಮಾತನಾಡಲಿಲ್ಲ.

ಮೌಂಟ್ ಪ್ಲೆಸೆಂಟಿನ ತಾಯಿಯೂ ಆ ಹುಡುಗನೂ ಕೊಟ್ಟ ಉತ್ತರ ಒಂದೇ ಆಗಿತ್ತು. ನಲವತ್ತು ವರ್ಷಗಳ ಅಂತರದಲ್ಲಿ ಎರಡೂ ಸಲ ಆ ಉತ್ತರ ಸಾಲದೆಂದವಳು ನಾನೇ.

ಊರಿಗೆ ಮರಳಿದ ಮೇಲೆ, 2024ರ ಬೇಸಗೆಯಲ್ಲಿ, ಹಳೆಯ ಸಹೋದ್ಯೋಗಿಯೊಬ್ಬರ ನೆರವಿನಿಂದ ಅವನ ವಿಳಾಸ ದೊರೆಯಿತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರು, ತಂದೆಯ ಹೆಸರು, ಊರು ಎಲ್ಲವೂ ದುಂಡಾದ ಅಕ್ಷರಗಳಲ್ಲಿ ಇದ್ದವು. ಆ ಪುಟವನ್ನು ನೋಡುವಾಗ 1860ರ ಆ ಪಟ್ಟಿ ಕಣ್ಣ ಮುಂದೆ ಬಂತು. ಗುಡ್ಡದ ಆಚೆಯ ಆ ಊರಿಗೆ ನಾನು ಅಲ್ಲಿ ನೌಕರಿ ಮಾಡಿದ ವರ್ಷಗಳಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೆಂಚಿನ ಮನೆ, ಅಂಗಳದಲ್ಲಿ ಅಡಿಕೆ ಒಣಹಾಕಿತ್ತು, ಹಗ್ಗದ ಮೇಲೆ ಕೌದಿ. ಹುಡುಗ ಈಗ ಐವತ್ತು ದಾಟಿದ ಅಜ್ಜ. "ಅಕ್ಕೋರು ಬಂದ್ರು!" ಎಂದು ಓಡಿಬಂದು ಕಾಲು ಮುಟ್ಟಲು ಬಾಗಿದಾಗ ನಾನು ಹಿಂದಕ್ಕೆ ಸರಿದೆ. ಕಟ್ಟೆಯ ಮೇಲೆ ಕುಳಿತು, ಬಂದ ಕಾರಣವನ್ನು ಹೇಳಿ, ಅಂದಿನ ಪ್ರಶ್ನೆಯನ್ನು ನೆನಪಿಸಿ, ತಪ್ಪಾಯಿತಪ್ಪ ಎಂದೆ. ಅವನು ಅಡಿಕೆಯನ್ನು ಕೈಯಿಂದ ಹರಡುತ್ತ, "ನನಗೆ ನೆನಪೇ ಇಲ್ಲ ಅಕ್ಕೋರೆ" ಎಂದ. ನಿಜವಾಗಿ ನೆನಪಿಲ್ಲವೋ, ನನ್ನ ಸಲುವಾಗಿ ಹಾಗೆ ಹೇಳಿದನೋ ತಿಳಿಯದು. ನನ್ನ ಮುಖವನ್ನು ನೋಡದೆ ಹೇಳಿದ.

ಅವನ ಮೊಮ್ಮಗಳು, ಎಂಟೊಂಬತ್ತು ವರ್ಷದ್ದು, ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿತ್ತು. ಚಾರ್ಲ್‌ಸ್ಟನ್ನಿನಿಂದ ತಂದ ಪುಟ್ಟ ಬುಟ್ಟಿಯಲ್ಲಿ ಚಿಕ್ಕುಹಣ್ಣು ಇಟ್ಟುಕೊಂಡು ಹೋಗಿದ್ದೆ. ಅದನ್ನು ಕೈಗೆ ಕೊಟ್ಟಾಗ ಹಣ್ಣನ್ನು ಬಿಟ್ಟು ಬುಟ್ಟಿಯನ್ನು ಮೂಸಿ ನೋಡಿತು. ಆಮೇಲೆ, "ಅಜ್ಜಿ, ನಿಮ್ಮೂರು ಯಾವ್ದು?" ಎಂದಿತು. ಹೇಳಿದೆ. "ಅದು ಎಲ್ಲಿ ಅದೆ?" ಎಂದಿತು. "ನೀರಿನ ಕೆಳಗಿದೆ ಮಗಳೆ, ಮುಳುಗಿಹೋಗಿದೆ" ಎಂದೆ. ಮಗು ಯೋಚಿಸಿ, "ಹಾಗಾದ್ರೆ ನೀವು ಈಗ ಯಾವೂರವ್ರು?" ಎಂದು ಕೇಳಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಅಂಗಳದಿಂದಲೇ ಗದರಿದ. "ಸಾಕು ಕೇಳಿದ್ದು. ಒಳಗೆ ಹೋಗಿ ಅಕ್ಕೋರಿಗೆ ಚಾ ತಗೊಂಡು ಬಾ."